ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆ

1980ನೆಯ ಇಸವಿ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಒಂದು ಪ್ರದರ್ಶನ ನಡೆಯಿತು. ಅಲ್ಲಿನ ಗಣಕಯಂತ್ರ ವಿಭಾಗದವರು ಯಾವ ಕ್ರಮವೂ ಇಲ್ಲದೆ ಆರಿಸಿದ, ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಬೆಂಗಳೂರಿನ ಶಕುಂತಲಾದೇವಿಯವರ ಮುಂದಿಟ್ಟು, ಇವನ್ನು ಗುಣಿಸಿ ಹೇಳಿರೆಂದರು. ಆ ಸಂಖ್ಯೆಗಳು ಇವು:

7,686,369,774,870
2,465,099,745,779

ಕಾಗದವಿಲ್ಲ, ಪೆನ್ಸಿಲಿಲ್ಲ. 28 ಸೆಕೆಂಡುಗಳಲ್ಲಿ ಅವರು ಹೇಳಿದ ಉತ್ತರ ಇದು:

18,947,668,177,995,426,462,773,730

ಒಟ್ಟು ಇಪ್ಪತ್ತಾರು ಅಂಕಿಗಳು. (ನಮ್ಮ ಪದ್ಧತಿಯಂತೆ ಲಕ್ಷ, ಕೋಟಿಗಳಿಗೆ ಅಲ್ಪವಿರಾಮ ಹಾಕದೆ ಮೂರು ಮೂರು ಅಂಕಿಗಳಿಗೆ ಹಾಕಿದ್ದೇವೆ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.) ಈ ಸಾಧನೆ 1982ರ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಸೇರಿತು. ಶಕುಂತಲಾದೇವಿಯವರು ಹುಟ್ಟಿದ್ದು 1929ರ ನವೆಂಬರ್ 4ರಂದು, ಬೆಂಗಳೂರಿನ ಒಂದು ಕನ್ನಡ ಮನೆತನದಲ್ಲಿ. ತಂದೆ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರು. ಮಗಳು ಇಸ್ಪೀಟು ಎಲೆಗಳನ್ನು ನೆನಪಿಡುವ ಬಗೆಯನ್ನು ಕಂಡು ಅವರೇ ಮೊದಲು ಬೆರಗಾದರಂತೆ. ಕ್ರಮವಾದ ಶಾಲಾ ಶಿಕ್ಷಣ ಆಕೆಗೆ ದೊರೆಯಲಿಲ್ಲ. ಆರನೆಯ ವಯಸ್ಸಿನಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ತನ್ನ ಲೆಕ್ಕದ ಶಕ್ತಿಯನ್ನು ತೋರಿಸಿದ ಆಕೆ, 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡರು. 2020ರಲ್ಲಿ ಬಂದ ಚಲನಚಿತ್ರದಿಂದಾಗಿ ನಮ್ಮ ಮಕ್ಕಳಿಗೂ ಅವರ ಹೆಸರು ಪರಿಚಿತ.

ಇಂಥ ಸಂಗತಿಯನ್ನು ಕೇಳಿದಾಗ ಜನ ಎರಡು ಬಗೆಯಲ್ಲಿ ಮಾತನಾಡುತ್ತಾರೆ. “ಅದು ದೇವರು ಕೊಟ್ಟ ವರ, ನಮ್ಮಂಥವರಿಗೆಲ್ಲಿ ಬಂದೀತು” ಎನ್ನುವವರು ಕೆಲವರು. “ಯಾರು ನೋಡಿದರು, ಏನೋ ಕಣ್ಕಟ್ಟು ಇದ್ದೀತು” ಎನ್ನುವವರು ಇನ್ನು ಕೆಲವರು. ಹಾಗೆ ನೋಡಿದರೆ ಇಬ್ಬರೂ ಒಂದೇ ಕಡೆ ನಿಂತವರು. ಏಕೆಂದರೆ ಇಬ್ಬರೂ ಪೆನ್ಸಿಲು ಮುಟ್ಟುವುದಿಲ್ಲ. ನಮಗೆ ಇದರಿಂದ ಬೇಸರವಾಗುವುದುಂಟು. “ನಮ್ಮ ಮಗು ಕನ್ನಡ ಮಾಧ್ಯಮದ್ದು, ಗಣಿತ ಅದಕ್ಕೆ ಹತ್ತದು” ಎಂದು ಮಗುವಿನ ಎದುರಿನಲ್ಲಿಯೇ ಹೇಳುವ ಪೋಷಕರನ್ನು ಪ್ರತಿವರ್ಷ ಕಾಣುತ್ತೇವೆ. ಬತ್ತೇರಿ ಪೇಟೆಯ ಅಂಗಡಿಯಲ್ಲಿ ಮಲಯಾಳದಲ್ಲಿ ದರ ಕೇಳಿ, ಕನ್ನಡದಲ್ಲಿ ಮನಸ್ಸಿನೊಳಗೆ ಕೂಡಿ, ಮತ್ತೆ ಮಲಯಾಳದಲ್ಲಿ ಚಿಲ್ಲರೆ ಕೇಳಿ ಪಡೆಯುವ ಮಗುವಿಗೆ ಗಣಿತ ಹತ್ತದು ಎನ್ನುವುದು ಯಾವ ನ್ಯಾಯ?

ಆ 28 ಸೆಕೆಂಡುಗಳನ್ನು ನಾವು ಇಲ್ಲಿ ಕುಳಿತು ಅಳೆಯಲಾರೆವು. ಆದರೆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಎಂಟನೆಯ ತರಗತಿಯ ಮಗುವೂ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಪರೀಕ್ಷಿಸುತ್ತಾ ಹೋದರೆ ಆ ಸಂಖ್ಯೆ ತನ್ನ ಒಳಗನ್ನೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮಲ್ಲಿ ಕಾಫಿ ಸಸಿಗಳನ್ನು ಸಾಲಾಗಿ ನೆಡುತ್ತೇವಲ್ಲವೆ? 36 ಸಸಿಗಳಿದ್ದರೆ ಆರು ಆರರ ಆರು ಸಾಲು, ಒಂಬತ್ತರ ನಾಲ್ಕು ಸಾಲು, ಹನ್ನೆರಡರ ಮೂರು ಸಾಲು - ಹೇಗೆ ಬೇಕಾದರೂ ಸಮನಾಗಿ ನೆಡಬಹುದು. ಇನ್ನೊಂದು ಸಸಿ ಸೇರಿ 37 ಆಯಿತೆನ್ನಿ. ಆಗ ಎಲ್ಲವನ್ನೂ ಒಂದೇ ಸಾಲಿನಲ್ಲಿ ನೆಡಬೇಕೇ ಹೊರತು ಸಮನಾದ ಸಾಲುಗಳಾಗಿ ಮಾಡಲಾಗದು. 37 ಅವಿಭಾಜ್ಯ ಸಂಖ್ಯೆ. 36 ಸಂಯುಕ್ತ ಸಂಖ್ಯೆ. ಲಂಡನ್ನಿನ ಸಂಖ್ಯೆಯು ಎರಡು ಸಂಖ್ಯೆಗಳನ್ನು ಗುಣಿಸಿ ಬಂದದ್ದಾದ್ದರಿಂದ ಸಂಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಅದನ್ನು ಎಷ್ಟೆಷ್ಟರ ಸಾಲುಗಳಾಗಿ ಮಾಡಬಹುದು ಎಂಬುದೇ ಪ್ರಶ್ನೆ.

ಉತ್ತರದ ಪರೀಕ್ಷೆಯನ್ನು ಬಾಲದಿಂದ ಆರಂಭಿಸೋಣ. ಗುಣಲಬ್ಧದ ಕೊನೆಯ ಮೂರು ಅಂಕಿಗಳನ್ನು ನಿರ್ಧರಿಸುವುದು ಎರಡೂ ಸಂಖ್ಯೆಗಳ ಕೊನೆಯ ಮೂರು ಅಂಕಿಗಳು ಮಾತ್ರ. 870 ಗುಣಿಸು 779 ಎಂದರೆ 677,730. ಕೊನೆಗೆ 730 ಬಂದಿತು. ಶಕುಂತಲಾದೇವಿಯವರ ಉತ್ತರದ ಕೊನೆಯಲ್ಲಿಯೂ 730.

ಎರಡನೆಯದು ಒಂಬತ್ತರ ಪರೀಕ್ಷೆ. ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಉಳಿಯುವ ಶೇಷವೂ, ಅದರ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದರೆ ಉಳಿಯುವ ಶೇಷವೂ ಒಂದೇ. ಇದು ಮಂತ್ರವಲ್ಲ. 10 ಎಂದರೆ 9 ಮತ್ತು 1; 100 ಎಂದರೆ 99 ಮತ್ತು 1; 1000 ಎಂದರೆ 999 ಮತ್ತು 1. ಒಂಬತ್ತುಗಳ ಕಂತೆಗಳನ್ನೆಲ್ಲ ಆಚೆಗಿಟ್ಟರೆ ಪ್ರತಿ ಸ್ಥಾನದಲ್ಲಿಯೂ ಆ ಅಂಕಿ ಮಾತ್ರ ಕೈಯಲ್ಲಿ ಉಳಿಯುತ್ತದೆ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಶೇಷಗಳನ್ನು ಗುಣಿಸಿದರೆ 12, ಅದರ ಶೇಷ 3. ಉತ್ತರದ ಇಪ್ಪತ್ತಾರು ಅಂಕಿಗಳನ್ನು ಕೂಡಿದರೆ 138 ಬರುತ್ತದೆ, ಶೇಷ 3. ಸರಿಹೊಂದಿತು.

ಆದರೆ ಈ ಪರೀಕ್ಷೆಗೆ ಒಂದು ಕುರುಡು ಇದೆ. ಅಂಕಿಗಳು ಸ್ಥಾನ ಬದಲಾಯಿಸಿದರೆ, 46 ಎನ್ನುವ ಕಡೆ 64 ಎಂದು ಬರೆದರೆ, ಮೊತ್ತ ಬದಲಾಗುವುದಿಲ್ಲ, ತಪ್ಪು ನುಸುಳಿಬಿಡುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚಾಗಿ ಮಾಡುವ ತಪ್ಪೂ ಇದೇ. ಆದ್ದರಿಂದ ಮೂರನೆಯದಾಗಿ 1001ರ ಪರೀಕ್ಷೆ. 1000 ಎಂಬುದು 1001ಕ್ಕಿಂತ ಒಂದು ಕಡಿಮೆ. ಹಾಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಮಾಡಿ, ಮೊದಲ ಗುಂಪನ್ನು ಕೂಡಿ, ಎರಡನೆಯದನ್ನು ಕಳೆದು, ಮೂರನೆಯದನ್ನು ಕೂಡಿ - ಹೀಗೆ ಕೊನೆಯವರೆಗೆ ಹೋದರೆ 1001ರ ಶೇಷ ದೊರೆಯುತ್ತದೆ. ಅಲ್ಪವಿರಾಮಗಳನ್ನು ಮೂರು ಅಂಕಿಗಳಿಗೊಮ್ಮೆ ಹಾಕಿದ್ದು ಇದಕ್ಕಾಗಿಯೇ.

ಮೊದಲ ಸಂಖ್ಯೆ: 870 - 774 + 369 - 686 + 7 = -214.
ಎರಡನೆಯ ಸಂಖ್ಯೆ: 779 - 745 + 99 - 465 + 2 = -330.
ಋಣವನ್ನು ಋಣದಿಂದ ಗುಣಿಸಿದರೆ ಧನ: 214 × 330 = 70,620. ಇದರಿಂದ 1001ರ ಎಪ್ಪತ್ತು ಪಟ್ಟು, ಅಂದರೆ 70,070ನ್ನು ಕಳೆದರೆ 550.
ಉತ್ತರ: 730 - 773 + 462 - 426 + 995 - 177 + 668 - 947 + 18 = 550.

ಈ ಕೊನೆಯ ಸಾಲನ್ನು ಮಕ್ಕಳು ತಾವೇ ಕೂಡಿ ಕಳೆದು ನೋಡಬೇಕು. 550 ಎಂದು ಬಂದಾಗ ಆಗುವ ಸಂತೋಷವನ್ನು ಓದಿ ಪಡೆಯಲು ಬಾರದು. ಲಂಡನ್ನಿನಲ್ಲಿ ನಾಲ್ಕು ದಶಕಗಳ ಹಿಂದೆ ಒಬ್ಬ ಹೆಣ್ಣುಮಗಳು ಬಾಯಲ್ಲಿ ಹೇಳಿದ ಲೆಕ್ಕ, ವಯನಾಡಿನ ಒಂದು ನೋಟುಪುಸ್ತಕದ ಹಾಳೆಯ ಮೇಲೆ ತಾಳೆಯಾಗುತ್ತದೆ!

ಬಾಯಿಗೆ ಬಂದಂತೆ ಹೇಳಿದ ಉತ್ತರ ಈ ಮೂರು ಪರೀಕ್ಷೆಗಳಲ್ಲಿಯೂ ಪಾರಾಗುವ ಸಂಭವ ಸುಮಾರು ತೊಂಬತ್ತು ಲಕ್ಷಕ್ಕೆ ಒಂದು. ಆದರೂ ಗಣಿತದವರು ಇದನ್ನು ಸಾಧನೆ ಎನ್ನುವುದಿಲ್ಲ. ಸಾಧನೆ ಬೇಕಾದರೆ ಇಡೀ ಗುಣಾಕಾರವನ್ನು ಮಾಡಲೇಬೇಕು. ಅಂಕಿಗೆ ಅಂಕಿ ಗುಣಿಸಿದರೆ 169 ಪುಟ್ಟ ಗುಣಾಕಾರಗಳು. ಮೂರಂಕಿಯ ಗುಂಪುಗಳಾಗಿ ಮಾಡಿಕೊಂಡರೆ 25. ಎರಡು ದೊಡ್ಡ ಹಾಳೆ, ಒಂದು ಭಾನುವಾರದ ಸಂಜೆ, ದಶಕ ಒಯ್ಯುವಲ್ಲಿ ಎಚ್ಚರ, ಇಷ್ಟಿದ್ದರೆ ಸಾಕು.

ಈಗ ಸಂಖ್ಯೆಯ ಒಳಕ್ಕೆ ಹೋಗೋಣ. ಕೊನೆಯಲ್ಲಿ ಸೊನ್ನೆ ಇರುವುದರಿಂದ 2 ಮತ್ತು 5 ಅದರ ಅಪವರ್ತನಗಳು. ಅಂಕಿಗಳ ಮೊತ್ತ 138, 3ರಿಂದ ಭಾಗವಾಗುತ್ತದೆ, 9ರಿಂದ ಆಗದು. ಹಾಗಾಗಿ 3 ಒಂದೇ ಒಂದು ಸಲ ಇದೆ. ಮೇಲಿನ 550 ಇನ್ನೊಂದು ಗುಟ್ಟನ್ನು ಹೇಳುತ್ತದೆ. 1001 ಎಂದರೆ 7 × 11 × 13. ಆದ್ದರಿಂದ 550ನ್ನು ಭಾಗಿಸಿ ನೋಡಿದರೆ ಇಡೀ ಸಂಖ್ಯೆಯನ್ನು 7, 11, 13 ಭಾಗಿಸುತ್ತವೆಯೇ ಎಂಬುದು ಒಟ್ಟಿಗೇ ತಿಳಿಯುತ್ತದೆ. 550ನ್ನು 7 ಭಾಗಿಸುವುದಿಲ್ಲ, 13 ಭಾಗಿಸುವುದಿಲ್ಲ, 11 ಭಾಗಿಸುತ್ತದೆ. ಆ 11 ಎಲ್ಲಿಂದ ಬಂತೆಂದರೆ ಎರಡನೆಯ ಸಂಖ್ಯೆಯಿಂದ. ಅದರ ಶೇಷ 330 ಅಲ್ಲವೆ? ಹೀಗೆ 2 × 3 × 5 × 11, ಅಂದರೆ 330, ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ. (ಈ 330ಕ್ಕೂ ಶೇಷದ 330ಕ್ಕೂ ಸಂಬಂಧವಿಲ್ಲ. ಸಂಖ್ಯೆಗಳು ಹೀಗೆ ಒಮ್ಮೊಮ್ಮೆ ತಮಾಷೆ ಮಾಡುತ್ತವೆ.) ಭಾಗಿಸಿದ ಮೇಲೆ ಉಳಿಯುವುದು:

57,417,176,296,955,837,765,981

ಇದಕ್ಕೆ 23 ಅಂಕಿಗಳು. 2ರಿಂದ ಹಿಡಿದು 37ರವರೆಗಿನ ಯಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ಭಾಗಿಸುವುದಿಲ್ಲ. ಹಾಗಿದ್ದರೂ ಇದು ಅವಿಭಾಜ್ಯವಲ್ಲ. ಏಕೆಂದರೆ ಇದು 256,212,325,829 ಮತ್ತು 224,099,976,889 ಎಂಬ ಎರಡು ಸಂಖ್ಯೆಗಳ ಗುಣಲಬ್ಧ. ಮೊದಲನೆಯದು ಲಂಡನ್ನಿನ ಮೊದಲ ಸಂಖ್ಯೆಯನ್ನು 30ರಿಂದಲೂ, ಎರಡನೆಯದು ಎರಡನೆಯ ಸಂಖ್ಯೆಯನ್ನು 11ರಿಂದಲೂ ಭಾಗಿಸಿದಾಗ ಬಂದದ್ದು. ಈ ಮಾಹಿತಿ ನಮಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಬರಿಯ ಆ ಇಪ್ಪತ್ಮೂರು ಅಂಕಿಗಳನ್ನು ಮಾತ್ರ ಯಾರಾದರೂ ಕೈಗೆ ಕೊಟ್ಟಿದ್ದರೆ? ಈ ಪ್ರಶ್ನೆಯನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತೇವೆ.

ಇಂಥ ಸಂಖ್ಯೆಗಳನ್ನು ಓದುವುದಾದರೂ ಹೇಗೆ? ಕನ್ನಡ ಪಾಠ ಹೇಳುವವರಾದ ನಮಗೆ ಈ ಪ್ರಶ್ನೆಯೇ ಮೊದಲು ಹೊಳೆದದ್ದು. ಕೋಟಿಯಾಚೆಗೆ ನಮ್ಮ ಬಳಕೆಯ ಮಾತು ತಡವರಿಸುತ್ತದೆ. ಆದರೆ ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕನ್ನಡ ನಾಡಿನ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಗ್ರಂಥವಾದ ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರಗಳಿಂದ ಹೊರಟು ಕೋಟಿಯನ್ನು ದಾಟಿ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ ಎಂದು ನಿಲ್ಲುತ್ತದೆ ಆ ಪಟ್ಟಿ. ಲಂಡನ್ನಿನ ಇಪ್ಪತ್ತಾರಂಕಿಯ ಸಂಖ್ಯೆಗೆ ಅದು ಎರಡು ಸ್ಥಾನ ಸಾಲದು. ನಾವು 330ರಿಂದ ಭಾಗಿಸಿ ಉಳಿಸಿಕೊಂಡದ್ದಕ್ಕೆ ಮಾತ್ರ ಸಾಕಾಗಿ ಒಂದು ಸ್ಥಾನ ಮಿಗುತ್ತದೆ: ಐದು ಕ್ಷೋಭ, ಏಳು ಮಹಾಕ್ಷಿತಿ, ನಾಲ್ಕು ಕ್ಷಿತಿ ಎಂದು ಆರಂಭಿಸಿ ಓದುತ್ತಾ ಹೋಗಬಹುದು.

ಬತ್ತೇರಿ ಪೇಟೆಯಲ್ಲಿರುವ ಕಲ್ಲಿನ ಬಸದಿಯನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಟಿಪ್ಪುವಿನ ಕಾಲದಲ್ಲಿ ಅದು ಮದ್ದುಗುಂಡಿನ ಕೋಠಿಯಾದದ್ದೂ, ಅದರಿಂದಲೇ ಗಣಪತಿವಟ್ಟವೆಂಬ ಊರಿಗೆ ಸುಲ್ತಾನ್ ಬತ್ತೇರಿ ಎಂಬ ಹೆಸರು ಬಂದದ್ದೂ ಸಮಾಜಪಾಠದಲ್ಲಿ ಕೇಳಿದ್ದಾರೆ. ಕನ್ನಡ ನಾಡಿನಿಂದ ಘಟ್ಟದ ಈ ಕಡೆಗೆ ಬಂದು ಆ ಬಸದಿಯನ್ನು ಕಟ್ಟಿಸಿದ ಜೈನರ ಪರಂಪರೆಯಲ್ಲಿಯೇ ಮಹಾವೀರಾಚಾರ್ಯನೂ ಇದ್ದವನು ಎಂಬುದನ್ನು ಸೇರಿಸಿ ಹೇಳುವವರು ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ ರಾಜಾದಿತ್ಯನೂ ಜೈನನೇ. ಕನ್ನಡ ಮೇಷ್ಟರಿಗೆ ಗಣಿತದ ಗೊಡವೆ ಏಕೆಂದು ಯಾರಾದರೂ ಕೇಳಿದರೆ ನಾವು ರಾಜಾದಿತ್ಯನನ್ನು ಮುಂದೆ ಮಾಡುವುದು ವಾಡಿಕೆ.

ಮಹಾವೀರಾಚಾರ್ಯನಿಗೆ ಸಂಖ್ಯೆಗಳಲ್ಲಿ ಒಂದು ವಿಶೇಷವಾದ ಮೋಹವಿತ್ತು. ಗುಣಿಸಿದಾಗ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಫಲವನ್ನು ಅವನು ರಾಜನ ಕೊರಳಹಾರಕ್ಕೆ ಹೋಲಿಸುತ್ತಾನೆ. ಅವನ ಕೆಲವು ಲೆಕ್ಕಗಳು:

152207 × 73 = 11111111
12345679 × 9 = 111111111
142857143 × 7 = 1000000001
27994681 × 441 = 12345654321

ಕೊನೆಯದನ್ನು ನೋಡಿ. ಇದು ಅದೃಷ್ಟದಿಂದ ಸಿಕ್ಕದ್ದಾಗಿರಲಾರದು. 12345654321 ಎಂಬುದು 111111ರ ವರ್ಗ. 111111ನ್ನು ಒಡೆದರೆ 3 × 7 × 11 × 13 × 37. ಇವುಗಳಲ್ಲಿ 3 ಮತ್ತು 7ನ್ನು ಒಂದು ಕಡೆ ಇಟ್ಟರೆ 21, ಅದರ ವರ್ಗ 441. ಉಳಿದ 11, 13, 37ನ್ನು ಗುಣಿಸಿದರೆ 5291, ಅದರ ವರ್ಗ 27994681. ಹಾರದ ಮಣಿಗಳನ್ನು ಬಿಚ್ಚಿ ಎರಡು ಗಂಟುಗಳಾಗಿ ಕಟ್ಟಿ, ಸೇರಿಸಿ ನೋಡಿ ಎಂದು ಶಿಷ್ಯರಿಗೆ ಕೊಟ್ಟಂತೆ ಇದೆ. ಸಂಯುಕ್ತ ಸಂಖ್ಯೆಯ ಒಳಗನ್ನು ಬಲ್ಲವನಿಗೆ ಮಾತ್ರ ಇಂಥ ಲೆಕ್ಕ ಹೊಳೆಯುತ್ತದೆ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು.

ಮತ್ತೆ ಶಕುಂತಲಾದೇವಿಯವರ ಕಡೆಗೆ ಬರೋಣ. ಲಂಡನ್ನಿಗಿಂತ ಮೂರು ವರ್ಷ ಮೊದಲು, 1977ರಲ್ಲಿ, ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಯಾವ ಸಂಖ್ಯೆಯನ್ನು ಇಪ್ಪತ್ಮೂರು ಸಲ ಇಟ್ಟು ಗುಣಿಸಿದರೆ ಇದು ಬರುತ್ತದೆ ಎಂಬುದು ಪ್ರಶ್ನೆ. ಅವರ ಉತ್ತರ 546372891. ಸರಿಯೇ ಎಂದು ನೋಡಲು ಅಮೆರಿಕದ ಸರಕಾರಿ ಮಾನಕ ಕಚೇರಿಯ ಗಣಕಯಂತ್ರಕ್ಕೆ ವಿಶೇಷವಾದ ಪ್ರೋಗ್ರಾಂ ಬರೆಯಬೇಕಾಯಿತು.

201 ಅಂಕಿಗಳನ್ನು ಇಲ್ಲಿ ಅಚ್ಚು ಹಾಕಿಸಿದರೆ ಮೊಳೆ ಜೋಡಿಸುವವರು ನಮ್ಮನ್ನು ಶಪಿಸಿಯಾರು ಎಂದು ಹಿಂದಿನವರಾದರೆ ಬರೆಯುತ್ತಿದ್ದರು. ಈಗ ಮೊಳೆ ಇಲ್ಲದಿದ್ದರೂ ಜಾಗ ಉಳಿಸೋಣ. ಅದು 9167ರಿಂದ ಆರಂಭವಾಗಿ 771ರಲ್ಲಿ ಮುಗಿಯುತ್ತದೆ. ಇಷ್ಟರಿಂದಲೇ ಎಷ್ಟು ತಿಳಿಯುತ್ತದೆ ನೋಡಿ. ಒಂಬತ್ತಂಕಿಯ ಸಂಖ್ಯೆಯ 23ನೆಯ ಘಾತಕ್ಕೆ 185ರಿಂದ 207ರವರೆಗೆ ಅಂಕಿಗಳು ಬರುತ್ತವೆ. ಆದ್ದರಿಂದ ಮೂಲಕ್ಕೆ ಒಂಬತ್ತು ಅಂಕಿ. ಇನ್ನು ಬಾಲ. ಯಾವುದೇ ಸಂಖ್ಯೆಯ ಘಾತಗಳ ಕೊನೆಯ ಅಂಕಿ ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. 3ರ ಘಾತಗಳ ಕೊನೆ 3, 9, 7, 1, ಮತ್ತೆ 3. ಹಾಗಾಗಿ 23ನೆಯ ಘಾತದ ಕೊನೆಯ ಅಂಕಿಯೂ ಮೂರನೆಯ ಘಾತದ, ಅಂದರೆ ಘನದ, ಕೊನೆಯ ಅಂಕಿಯೂ ಒಂದೇ. ಘನದ ಕೊನೆಯಲ್ಲಿ 1 ಬರಬೇಕಾದರೆ ಮೂಲದ ಕೊನೆಯಲ್ಲಿ 1 ಇರಲೇಬೇಕು. ಕೊನೆಯ ಎರಡು ಅಂಕಿಗಳಿಗೂ ಇದೇ ನ್ಯಾಯ: 1, 3, 7, 9ರಲ್ಲಿ ಮುಗಿಯುವ ಸಂಖ್ಯೆಗಳಿಗೆ ಕೊನೆಯ ಎರಡಂಕಿಗಳು ಇಪ್ಪತ್ತು ಹೆಜ್ಜೆಯೊಳಗೆ ಮರುಕಳಿಸುವುದರಿಂದ ಇಲ್ಲಿಯೂ ಘನವನ್ನೇ ನೋಡಿದರೆ ಸಾಕು. 01, 11, 21, 31, 41, 51, 61, 71, 81, 91ರ ಘನಗಳು ಕ್ರಮವಾಗಿ 01, 31, 61, 91, 21, 51, 81, 11, 41, 71ರಲ್ಲಿ ಮುಗಿಯುತ್ತವೆ. ನಮಗೆ ಬೇಕಾದದ್ದು 71. ಅದು 91ರಿಂದ ಮಾತ್ರ ಬರುತ್ತದೆ. ಮೂಲದ ಕೊನೆ 91!

ತಲೆಯ ಕಡೆಗೆ ಹಳೆಯ ಲಾಗರಿದಮ್ ಪಟ್ಟಿ ಸಾಕು. ಪೋಷಕರಲ್ಲಿ ಕೆಲವರ ಪೆಟ್ಟಿಗೆಯಲ್ಲಿ ಅದು ಈಗಲೂ ಇದ್ದೀತು. 9.167ಕ್ಕೆ ಪಟ್ಟಿಯಲ್ಲಿ ಸಿಗುವುದು 0.9622. 201 ಅಂಕಿಗಳಾದ್ದರಿಂದ 200.9622. ಇದನ್ನು 23ರಿಂದ ಭಾಗಿಸಿದರೆ 8.7375. ಪ್ರತಿಲಾಗರಿದಮ್ ನೋಡಿದರೆ 5464. ನಿಜವಾದ ಮೂಲ 5463728.. ಎಂದು ಆರಂಭವಾಗುವುದನ್ನು ನೆನೆದರೆ ನಾಲ್ಕಂಕಿಯ ಪಟ್ಟಿ ಎಷ್ಟು ಹತ್ತಿರ ಬಂದಿದೆ! ನಡುವಿನ ಅಂಕಿಗಳಿಗೆ ಇನ್ನೂ ಸೂಕ್ಷ್ಮವಾದ ಪಟ್ಟಿ ಬೇಕು. ಶಕುಂತಲಾದೇವಿಯವರು ಹೀಗೆಯೇ ಮಾಡಿದರೆಂದು ನಾವು ಹೇಳುತ್ತಿಲ್ಲ. 1988ರಲ್ಲಿ ಅವರನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸೆನ್, 61,629,875ರ ಘನಮೂಲವನ್ನು ತಾನು ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ ಅವರು 395 ಎಂದು ಹೇಳಿದ್ದನ್ನು ದಾಖಲಿಸಿದ್ದಾನೆ. ಆ ವೇಗ ಅವರದೇ. ದಾರಿ ಮಾತ್ರ ಎಲ್ಲರಿಗೂ ತೆರೆದದ್ದು.

ಮೂಲವನ್ನು ಇನ್ನೊಮ್ಮೆ ನೋಡಿ: 546372891. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿವೆ. ಇದನ್ನು ಯಾರೋ ಕುಳಿತು ಜೋಡಿಸಿದಂತೆ ನಮಗೆ ತೋರುತ್ತದೆ. ಹೇಗೇ ಜೋಡಿಸಿದರೂ ಈ ಒಂಬತ್ತು ಅಂಕಿಗಳ ಮೊತ್ತ 45 ಆದ್ದರಿಂದ ಸಂಖ್ಯೆಯು 9ರಿಂದ ಭಾಗವಾಗುತ್ತದೆ. ಇದಂತೂ 27ರಿಂದಲೇ ಭಾಗವಾಗಿ 20236033 ಉಳಿಯುತ್ತದೆ. 27 ಎಂದರೆ ಮೂರು 3ಗಳು. ಹಾಗಾದರೆ ಡಲ್ಲಾಸಿನ ಆ ಮಹಾಸಂಖ್ಯೆಯೊಳಗೆ 3 ಎಂಬ ಅಪವರ್ತನ 69 ಸಲ ಅಡಗಿದೆ.

ಈಗ ಆಗಲೇ ನೆನಪಿಡಿರೆಂದ ಪ್ರಶ್ನೆ. ಗುಣಿಸುವುದು ಸುಲಭ, ಗುಣಲಬ್ಧವನ್ನು ಮಾತ್ರ ಕೊಟ್ಟರೆ ಒಡೆಯುವುದು? ಫ್ರೆಂಚ್ ಗಣಿತಜ್ಞ ಲೂಕಾ 1876ರಲ್ಲಿ 147573952589676412927 ಎಂಬ 21 ಅಂಕಿಯ ಸಂಖ್ಯೆ (2ನ್ನು 67 ಸಲ ಗುಣಿಸಿ ಒಂದು ಕಳೆದದ್ದು) ಸಂಯುಕ್ತವೆಂದು ತೋರಿಸಿದ. ಆದರೆ ಅಪವರ್ತನಗಳು ಯಾವುವೆಂದು ಹೇಳಲಾಗಲಿಲ್ಲ. ಸಾಲುಗಳಾಗಿ ನೆಡಬಹುದೆಂದು ಗೊತ್ತು, ಎಷ್ಟರ ಸಾಲೆಂದು ಗೊತ್ತಿಲ್ಲ! 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬಾತ 193707721 × 761838257287 ಎಂದು ಅದನ್ನು ಒಡೆದು ತೋರಿಸಿದ. ಅದಕ್ಕೆ ಅವನಿಗೆ ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಹೇಳುತ್ತಾರೆ. ಅದೇ ಉತ್ತರವನ್ನು ಗುಣಿಸಿ ತಾಳೆನೋಡಲು ನಮಗೆ ಕಾಲು ಗಂಟೆ ಸಾಕು.

ಶಕುಂತಲಾದೇವಿಯವರು ಡಲ್ಲಾಸಿನಲ್ಲಿ ಉತ್ತರ ಹೇಳಿದ ಅದೇ 1977ರಲ್ಲಿ, ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಬೀಗವಾಗಿ ಬಳಸುವ ಉಪಾಯ ಕಂಡುಹಿಡಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದ 129 ಅಂಕಿಯ ಸಂಖ್ಯೆಯೊಂದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಒಡೆದವರಿಗೆ ನೂರು ಡಾಲರ್ ಬಹುಮಾನವೆಂದರು. ಅದು ಒಡೆದದ್ದು 1994ರ ಏಪ್ರಿಲಿನಲ್ಲಿ, ಜಗತ್ತಿನ ಸುಮಾರು ಆರುನೂರು ಮಂದಿ ಸ್ವಯಂಸೇವಕರ ಗಣಕಯಂತ್ರಗಳು ಒಟ್ಟಾಗಿ ದುಡಿದ ಮೇಲೆ. ನೋಡಿ, 201 ಅಂಕಿಯ ಸಂಖ್ಯೆ ಐವತ್ತು ಸೆಕೆಂಡಿನಲ್ಲಿ ಬಿಚ್ಚಿಕೊಂಡಿತು. 129 ಅಂಕಿಯದು ಹದಿನೇಳು ವರ್ಷ ಬಿಗಿಹಿಡಿದು ಕುಳಿತಿತು. ಗಾತ್ರದಲ್ಲಿ ಏನೂ ಇಲ್ಲ. ಡಲ್ಲಾಸಿನದು ಒಂದೇ ಸಂಖ್ಯೆಯ ಘಾತವಾದ್ದರಿಂದ ಅದರ ತಲೆಯಲ್ಲಿಯೂ ಬಾಲದಲ್ಲಿಯೂ ಗುರುತುಗಳಿದ್ದವು. ಎರಡು ಅವಿಭಾಜ್ಯಗಳ ಗುಣಲಬ್ಧ ಅಂಥ ಗುರುತನ್ನು ಬಿಟ್ಟುಕೊಡುವುದಿಲ್ಲ. 2020ರಲ್ಲಿ ಇಂಥದೇ 250 ಅಂಕಿಯ ಸಂಖ್ಯೆಯನ್ನು ಒಡೆದಿದ್ದಾರೆ. ಮನೆಯ ಮೊಬೈಲಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವಾಗ ಕಾವಲಿಗೆ ಇರುವುದು ಇಂಥ ಬೀಗಗಳೇ. ಅವುಗಳಲ್ಲಿ 617 ಅಂಕಿಯ ಸಂಯುಕ್ತ ಸಂಖ್ಯೆಗಳ ಬಳಕೆ ಬಹಳ. ಇನ್ನೊಂದು ಸ್ವಾರಸ್ಯವೆಂದರೆ, ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದಷ್ಟೇ ತಿಳಿಯುವುದು ಒಡೆಯುವುದಕ್ಕಿಂತ ಎಷ್ಟೋ ಸುಲಭ. ಅದಕ್ಕೆ ಎಂದೂ ತಪ್ಪದ, ವೇಗವಾದ ವಿಧಾನವನ್ನು 2002ರಲ್ಲಿ ಕೊಟ್ಟವರು ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕಯಾಲ್ ಮತ್ತು ಸಕ್ಸೇನಾ ಆಗಿನ್ನೂ ವಿದ್ಯಾರ್ಥಿಗಳು.

ನಮ್ಮ ಐದು ಕ್ಷೋಭದ ಸಂಖ್ಯೆಯನ್ನು 37ರವರೆಗೆ ಪರೀಕ್ಷಿಸಿ ನಿಲ್ಲಿಸಿದ್ದೆವು. ಮುಂದಿನ ಅವಿಭಾಜ್ಯ 41. ಅದಕ್ಕೂ ಒಂದು ಉಪಾಯವಿದೆ. 99,999 ಎಂಬುದು 41 × 2439. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಐದೈದು ಅಂಕಿಗಳ ಗುಂಪುಗಳಾಗಿ ಮಾಡಿ - 65981, 58377, 29695, 17176, ಕೊನೆಗೆ 574 - ಎಲ್ಲವನ್ನೂ ಬರಿದೆ ಕೂಡಿ, ಮೊತ್ತವನ್ನು 41ರಿಂದ ಭಾಗಿಸಿ. ಶೇಷ 13 ಬರಬೇಕು. ಬರದಿದ್ದರೆ ದಶಕ ಒಯ್ಯುವಲ್ಲಿ ಎಲ್ಲೋ ತಪ್ಪಿದೆ, ಇನ್ನೊಮ್ಮೆ ಕೂಡಿ. ಬಂದರೆ 43ಕ್ಕೆ ಹೋಗಿ.